1/24 ಡ್ಯೂನ್ ಬಗ್ಗಿ: ಥರ್ಮೋಕೋಲ್ ಕರಗಿಹೋಯ್ತು, ಒಂದು ಚಕ್ರ ಗಾಳಿಯಲ್ಲಿದೆ

ಒಂಟಿಚಕ್ರ (ಸುರತ್ಕಲ್)

ನಗಬೇಡಿ ಮಾರಾಯ್ರೆ. ಮೂರು ವಾರ ಕೂತು ಕೆತ್ತಿದ್ದು ನಿನ್ನೆ ರಾತ್ರಿ ಕಣ್ಣೆದುರೇ ಗಂಜಿಯಾಯ್ತು.

ಮೇಯರ್ಸ್ ಮ್ಯಾಂಕ್ಸ್ ಅಂದರೆ ನನಗೆ ಮೊದಲಿಂದಲೂ ಹುಚ್ಚು. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಮೇಯರ್ಸ್ ಮಾಡಿದ ಆ ಬಾಗಿಲಿಲ್ಲದ ಮರಳು ಗಾಡಿ, ಅಂದರೆ ಡ್ಯೂನ್ ಬಗ್ಗಿ. ಅದರದ್ದೇ ಪ್ಲಾಸ್ಟಿಕ್ ಮಾಡೆಲ್ ಕಿಟ್ ನನ್ನ ಕೈಗೆ ಸಿಗಲಿಲ್ಲ. ಹಾಗಾಗಿ ತಮಿಯಾ ಕಂಪನಿಯ 1/24 (ನಿಜದ ಗಾಡಿಯ 24ನೇ ಒಂದರಷ್ಟು ಅಳತೆಯ) ಫೋಕ್ಸ್‌ವ್ಯಾಗನ್ 1300 ಬೀಟಲ್ ಕಿಟ್ ತರಿಸಿದೆ. ನಿಜದ ಬೀಟಲ್‌ಗೆ ಆಗ ಏನು ಮಾಡುತ್ತಿದ್ದರೋ ಅದನ್ನೇ ಪ್ಲಾಸ್ಟಿಕ್ಕಿಗೆ ಮಾಡುವುದು ನನ್ನ ಪ್ಲಾನು. ಬಾಡಿ ಬದಿಗಿಟ್ಟು, ಕೆಳಗಿನ ಪ್ಯಾನ್ (ಗಾಡಿಯ ತಳ) ಕತ್ತರಿಸಿ ಗಿಡ್ಡ ಮಾಡಿ, ಮೇಲೆ ಹೊಸ ಫೈಬರ್ ಬಾಡಿ ಕೂರಿಸುವುದು.

ಲೆಕ್ಕ ಎಷ್ಟು ಚೆಂದ ಇದೆ ನೋಡಿ. ಬೀಟಲ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, 2400 ಮಿ.ಮೀ. 24ರಿಂದ ಭಾಗಿಸಿದರೆ ಸರಿಯಾಗಿ 100. ಮ್ಯಾಂಕ್ಸ್‌ನದ್ದು 80 ಇಂಚು, ಅಂದರೆ 2032. ಭಾಗಿಸಿದರೆ 84.7. ತೆಗೆಯಬೇಕಾದ್ದು 15.3 ಮಿ.ಮೀ. ತೆಗೆದೆ, ಅಂಟಿಸಿದೆ. ಮೇಜಿನ ಮೇಲಿಟ್ಟರೆ ಹಿಂದಿನ ಎಡ ಚಕ್ರ ಒಂದು ಮಿ.ಮೀ. ಮೇಲೆ, ಕಂಬ ಕಂಡ ನಾಯಿಯ ಹಾಗೆ.

ಅದು ಆಮೇಲೆ ನೋಡೋಣ ಅಂತ ಬಾಡಿಗೆ ಕೈ ಹಾಕಿದೆ. ಥರ್ಮೋಕೋಲ್‌ನಲ್ಲಿ ಆಕಾರ ಕೆತ್ತಿದೆ. ಆ ಮುಂದಿನ ಮಡ್‌ಗಾರ್ಡಿನ ಉಬ್ಬು ಬರಲಿಕ್ಕೇ ಒಂದು ವಾರ ಬೇಕಾಯ್ತು. ನಿನ್ನೆ ಹಾರ್ಡ್‌ವೇರ್ ಅಂಗಡಿಯಿಂದ ರೆಸಿನ್, ಹಾರ್ಡ್‌ನರ್, ಒಂದು ತುಂಡು ಫೈಬರ್ ಮ್ಯಾಟ್ ತಂದೆ. ಬ್ರಶ್ಶಿನಲ್ಲಿ ಹಚ್ಚಿದ್ದೇ ತಡ, ಚುರ್ ಅಂತ ಸಣ್ಣ ಶಬ್ದ. ಉಬ್ಬು ಒಳಗೆ ಹೋಯ್ತು. ಹತ್ತು ನಿಮಿಷದಲ್ಲಿ ಹಳೇ ಪೇಪರ್ ಮೇಲೆ ಅಂಟಂಟು ಬಿಳಿ ಗುಡ್ಡೆ. ಹೆಂಡತಿ ಬಂದು ನೋಡಿ "ಇದು ಇಡ್ಲಿಯಾ?" ಅಂದಳು.

ಎಲ್ಲಿ ತಪ್ಪಿದೆ? ಬೇರೆ ದಾರಿ ಏನು? ಆ ಚಕ್ರವನ್ನು ನೆಲಕ್ಕೆ ಇಳಿಸುವುದು ಹೇಗೆ? ಬಣ್ಣ ಕೆಂಪೇ ಅಂತ ನಿರ್ಧಾರ ಆಗಿದೆ, ಮೇಯರ್ಸ್ ಮಾಡಿದ ಮೊದಲ ಗಾಡಿ ‘ಓಲ್ಡ್ ರೆಡ್’ ಹಾಗೆ.

ದೋಣಿಫೈಬರ್ (ಮಲ್ಪೆ)

ತಪ್ಪು ನಿಮ್ಮ ಕೈಯದ್ದಲ್ಲ, ಥರ್ಮೋಕೋಲಿನದ್ದು. ಪಾಲಿಯೆಸ್ಟರ್ ರೆಸಿನ್ ಒಳಗೆ ಸ್ಟೈರೀನ್ ಇರುತ್ತದೆ. ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್. ಮುಟ್ಟಿದ ಕೂಡಲೇ ಕರಗುತ್ತದೆ. ಕಿಟ್‌ನ ಪ್ಲಾಸ್ಟಿಕ್ಕೂ ಅದೇ ಜಾತಿ, ಪ್ಯಾನ್ ಮೇಲೆ ಒಂದು ಹನಿಯೂ ಬೀಳದ ಹಾಗೆ ನೋಡಿಕೊಳ್ಳಿ. ಎಪಾಕ್ಸಿ ಆದರೆ ಥರ್ಮೋಕೋಲನ್ನು ತಿನ್ನುವುದಿಲ್ಲ, ಆದರೆ ಅದರ ಕಾಳುಕಾಳು ಮೈ ನಿಮ್ಮ ಬಾಡಿಗೂ ಬರುತ್ತದೆ.

ನಾನು ದೋಣಿ ರಿಪೇರಿ ಮಾಡುವವ. ನಾವು ಮಾಡುವ ಹಾಗೆಯೇ ಮಾಡಿ: ಮೊದಲು ಪ್ಲಗ್ (ಬಾಡಿಯದ್ದೇ ಆಕಾರದ ಗಟ್ಟಿ ಮಾದರಿ), ಅದರಿಂದ ಅಚ್ಚು, ಅಚ್ಚಿನ ಒಳಗೆ ಬಾಡಿ. ಮೇಯರ್ಸ್ ಕೂಡ ಫೈಬರ್ ಕಲಿತದ್ದು ದೋಣಿ ಕಟ್ಟುವ ಕೆಲಸದಲ್ಲೇ. ಪ್ಲಗ್ ಮೇಲೆ ನೇರ ಫೈಬರ್ ಹಚ್ಚಿದರೆ ನುಣುಪು ಒಳಗೆ, ಒರಟು ಹೊರಗೆ. ಆಮೇಲೆ ಪುಟ್ಟಿ ಹಾಕಿ ತಿಕ್ಕುತ್ತಾ ಈ ಮಳೆಗಾಲ ಮುಗಿಯುತ್ತದೆ.

ಪ್ಲಗ್ಗಿಗೆ ಹಾಲೆ ಮರ ಹುಡುಕಿ. ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯುತ್ತೇವಲ್ಲ, ಅದೇ ಮರ. ಮೆತ್ತಗೆ, ಚಾಕುವಿಗೆ ಬಗ್ಗುತ್ತದೆ. ಚೆನ್ನಾಗಿ ಒಣಗಿರಬೇಕು. ಎರಡು ಕೋಟ್ ವಾರ್ನಿಶ್, ಮೇಲೆ ವ್ಯಾಕ್ಸ್ ಪಾಲಿಶ್ ನಾಲ್ಕು ಸಲ ಉಜ್ಜಿ. ವ್ಯಾಕ್ಸಿನಲ್ಲಿ ಜಿಪುಣತನ ಮಾಡಿದರೆ ಪ್ಲಗ್ಗೂ ಅಚ್ಚೂ ಜನ್ಮಕ್ಕೆ ಬಿಡುವುದಿಲ್ಲ.

ಅಂಗಡಿಯವರು ಕೊಟ್ಟ ಮ್ಯಾಟ್ ದೋಣಿಯದ್ದು, ಚದರ ಮೀಟರಿಗೆ 450 ಗ್ರಾಂ ಇರಬೇಕು. ಬೆರಳುದ್ದದ ಗಾಡಿಗೆ ಅದು ಕಂಬಳಿ ಹೊದಿಸಿದ ಹಾಗೆ. ಸರ್ಫೇಸ್ ಟಿಶ್ಯೂ ಅಂತ ತೆಳು ಫೈಬರ್ ಹಾಳೆ ಕೇಳಿ, ಎರಡು ಪದರ ಸಾಕು. ಹಾರ್ಡ್‌ನರ್ ನೂರಕ್ಕೆ ಒಂದೂವರೆ, ಜಾಸ್ತಿ ಅಂದರೆ ಎರಡು. ಮಳೆಗೆ ಒಣಗುತ್ತಿಲ್ಲ ಅಂತ ಇನ್ನೂ ಸುರಿಯಬೇಡಿ, ಬಿಸಿಯಾಗಿ ಬಿರುಕು ಬಿಡುತ್ತದೆ.

ಇದೊಂದು ಗಟ್ಟಿಯಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವುದು) ಬೇರೆ ಬಾಟಲಿಯಲ್ಲಿ ಕೊಟ್ಟರೆ ಅದನ್ನು ಹಾರ್ಡ್‌ನರ್ ಜೊತೆ ನೇರ ಬೆರೆಸಲೇಬೇಡಿ, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ ಒಳಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಬೆರೆಸಿಯೇ ಬರುವ ರೆಸಿನ್ ಸಿಕ್ಕಿದರೆ ಅದನ್ನೇ ತನ್ನಿ. ಕಿಟಕಿ ತೆರೆದಿಡಿ, ಮಕ್ಕಳು ಹತ್ತಿರ ಬೇಡ.

ಕಾಲುಮಿಲ್ಲಿ (ಬೆಂಗಳೂರು)

ಬಾಡಿ ವಿಷಯ ಮಲ್ಪೆಯವರು ಹೇಳಿ ಮುಗಿಸಿದರು. ನಾನು ಚಕ್ರಕ್ಕೆ ಬರ್ತೀನಿ.

ನೀವು ಎರಡು ತುಂಡನ್ನು ಕೈಯಲ್ಲಿ ಹಿಡಿದು ಅಂಟಿಸಿದ್ದೀರಿ, ಅಲ್ವಾ? ಅಂಟು ಮೆತ್ತಗಿರುವಾಗ ಜಾಯಿಂಟ್ ತಿರುಚಿಕೊಂಡಿದೆ. ಬಿಸಿನೀರು, ಹೇರ್ ಡ್ರೈಯರ್ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದೇ ಗೆರೆಯಲ್ಲಿ ಮತ್ತೆ ಕತ್ತರಿಸಿ. ಒಂದು ಗಾಜಿನ ತುಂಡಿನ ಮೇಲೆ 84.7ಕ್ಕೆ ಎರಡು ಗೆರೆ ಎಳೆಯಿರಿ. ಆಕ್ಸಲ್, ಚಕ್ರ ಎಲ್ಲಾ ಹಾಕಿ ನಾಲ್ಕೂ ಚಕ್ರ ಗಾಜಿಗೆ ಡಬಲ್ ಟೇಪಲ್ಲಿ ಕೂರಿಸಿ. ಆಮೇಲೆ ಅಂಟು ಬಿಡಿ, 24 ಗಂಟೆ ಮುಟ್ಟಬೇಡಿ. ಪ್ಯಾನಿನ ನಡುವೆ ಉದ್ದಕ್ಕೆ ಉಬ್ಬಿರುವ ಟನೆಲ್ ಒಳಗೆ ಒಂದು ಹಿತ್ತಾಳೆ ಕಡ್ಡಿ ಉದ್ದಕ್ಕೆ ಅಂಟಿಸಿದರೆ ಬೆನ್ನುಮೂಳೆ ಸಿಕ್ಕ ಹಾಗೆ.

ಈಗ ನಿಮಗೆ ಬೇಜಾರಾಗುವ ಮಾತು. ಓಲ್ಡ್ ರೆಡ್‌ಗೆ ಬೀಟಲ್ ಪ್ಯಾನೇ ಇರಲಿಲ್ಲ. ಮೊದಲ ಹತ್ತು ಹನ್ನೆರಡು ಗಾಡಿಗಳಲ್ಲಿ ಫೈಬರ್ ಟಬ್ಬೇ ಚಾಸಿ. ಬೀಟಲ್‌ನಿಂದ ತೆಗೆದುಕೊಂಡದ್ದು ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಅಷ್ಟೇ. ಆ ಲೆಕ್ಕದಲ್ಲಿ ಖರ್ಚು ಜಾಸ್ತಿ ಆಯ್ತು ಅಂತ ಆಮೇಲೆ ಗಿಡ್ಡ ಪ್ಯಾನ್ ಮೇಲೆ ಬೋಲ್ಟ್ ಹಾಕುವ ಬಾಡಿ ಬಂತು. 15.3 ತೆಗೆದ ನಿಮ್ಮದು ಆಮೇಲಿನ ಕಿಟ್ ಗಾಡಿ. ಕೆಂಪು ಬಳಿದು ಓಲ್ಡ್ ರೆಡ್ ಅಂದರೆ ಯಾರಾದರೂ ತಿರುಗಿಸಿ ಕೆಳಗೆ ನೋಡ್ತಾರೆ. ಮೊದಲು ನೋಡೋದು ನಾನೇ.

ಮುಂದೆ ಗ್ರಿಲ್ ಕೊರೆಯಬೇಡಿ. ಗಾಳಿಯಿಂದ ತಣ್ಣಗಾಗುವ ಎಂಜಿನ್, ಅದೂ ಹಿಂದೆ. ರೇಡಿಯೇಟರೇ ಇಲ್ಲ.

ಡಬ್ಬಿತೆರೆಯದವ

ಒಳ್ಳೇ ಬೀಟಲ್ ಕಿಟ್ ಸುಮ್ನೆ ಹಾಳು ಮಾಡಿದಿರಿ.

ಒಂಟಿಚಕ್ರ (ಸುರತ್ಕಲ್)

ಡಬ್ಬಿಯವರೇ, ಬೀಟಲ್ ಬಾಡಿ ಹಾಳಾಗಿಲ್ಲ. ಮಗಳು ಅದರಲ್ಲಿ ಪೆನ್ಸಿಲ್ ಶಾರ್ಪ್‌ನರ್ ಇಟ್ಟುಕೊಂಡಿದ್ದಾಳೆ.

ಕಾಲುಮಿಲ್ಲಿಯವರೇ, ಓಲ್ಡ್ ರೆಡ್ ವಿಷಯ ಓದಿ ಒಂದು ದಿನ ಮುಖ ಊದಿಸಿಕೊಂಡಿದ್ದೆ. ಸರಿ, ಕೆಂಪು ಬಿಟ್ಟೆ.

ಒಂಟಿಚಕ್ರ (ಐದು ವಾರದ ನಂತರ)

ವರದಿ ಒಪ್ಪಿಸುತ್ತೇನೆ. ಹಾಲೆ ಮರ ಬೆಣ್ಣೆಯ ಹಾಗೆ ಕೆತ್ತಿಸಿಕೊಂಡಿತು. ಅಚ್ಚು ಎರಡು ಭಾಗ ಮಾಡಿದೆ, ಯಾಕೆಂದರೆ ಮಡ್‌ಗಾರ್ಡ್ ಒಳಕ್ಕೆ ಮಡಚುವಲ್ಲಿ ಒಂದೇ ಅಚ್ಚು ಕಳಚುವುದಿಲ್ಲ. ಇದು ಗೊತ್ತಾದದ್ದು ಮೊದಲನೇ ಅಚ್ಚನ್ನು ಸುತ್ತಿಗೆಯಲ್ಲಿ ಒಡೆದ ಮೇಲೆ.

ಮಲ್ಪೆಯವರು ಉಳಿದ ಜೆಲ್‌ಕೋಟ್ (ಫೈಬರಿನ ಹೊರಮೈಯಾಗುವ ಬಣ್ಣದ ರೆಸಿನ್) ಒಂದು ಉಪ್ಪಿನಕಾಯಿ ಬಾಟಲಿಯಲ್ಲಿ ಕೊಟ್ಟು ಕಳಿಸಿದರು, ದೋಣಿಯ ಅಂಚಿಗೆ ಹಚ್ಚುವ ಕಿತ್ತಳೆ. ಮ್ಯಾಂಕ್ಸ್‌ಗೂ ಬಣ್ಣ ಜೆಲ್‌ಕೋಟಲ್ಲೇ ಬರುತ್ತಿತ್ತಂತೆ, ಹಾಗಾಗಿ ಸ್ಪ್ರೇ ಮುಟ್ಟಲೇ ಇಲ್ಲ. ಅಚ್ಚಿಗೆ ಮೊದಲು ಅದು, ಹಿಂದೆ ಟಿಶ್ಯೂ ಎರಡು ಪದರ. ಮರುದಿನ ಅಚ್ಚಿನ ಅಂಚಿಗೆ ಹಳೇ ಎಟಿಎಂ ಕಾರ್ಡ್ ತೂರಿಸಿ ಸ್ವಲ್ಪ ಸ್ವಲ್ಪ ಎಬ್ಬಿಸಿದೆ. ಟಪ್ ಅಂತ ಬಂತು, ಒದ್ದೆ ಕಿತ್ತಳೆ ಹಣ್ಣಿನ ಹೊಳಪು. ಎಡ ಹೆಡ್‌ಲೈಟಿನ ಹತ್ತಿರ ಎರಡು ಗಾಳಿ ಗುಳ್ಳೆ ಒಡೆದಿವೆ, ಸೂಜಿ ತುದಿಯಷ್ಟು. ಹಾಗೇ ಬಿಟ್ಟಿದ್ದೇನೆ.

ದಪ್ಪ ಅಳೆದರೆ 0.7 ಮಿ.ಮೀ. ನಿಜದ ಅಂಚು 6 ಮಿ.ಮೀ. ಅಂದುಕೊಂಡರೂ ಈ ಅಳತೆಗೆ ಕಾಲು ಮಿ.ಮೀ. ಇರಬೇಕು. ಪೂರ್ತಿ ತೆಳ್ಳಗೆ ಮಾಡಲು ಹೋಗಲಿಲ್ಲ. ಕಣ್ಣಿಗೆ ಬೀಳುವ ಕಡೆ, ಅಂದರೆ ಬದಿ ಮತ್ತು ಚಕ್ರದ ಸುತ್ತ, ಒಳಗಿನಿಂದ ಎಮರಿ ಪೇಪರಲ್ಲಿ ತಿಕ್ಕಿ ಅಂಚು ಮಾತ್ರ ಸಣ್ಣ ಮಾಡಿದೆ. ಸೈಲೆನ್ಸರ್ ಪೈಪಿಗೆ ಸೋಲ್ಡರ್ ತಂತಿ, ಉಗುರಲ್ಲೇ ಬಗ್ಗುತ್ತದೆ.

ಚಕ್ರ ಇಳಿಯಿತು. ಗಾಜಿನ ಮೇಲಿಟ್ಟು ಕೆಳಗೆ ಬಸ್ ಟಿಕೆಟ್ ತೂರಿಸಿ ನೋಡಿದೆ: ಮೂರು ಚಕ್ರದ ಅಡಿಗೆ ಹೋಗಲಿಲ್ಲ, ಎಡಗಡೆಯದ್ದಕ್ಕೆ ತುಸು ಹೋಯ್ತು. ಕಾಲುಮಿಲ್ಲಿಯವರು ಮಂಗಳೂರಿಗೆ ಬಂದರೆ ಆ ಬದಿಯಿಂದ ತೋರಿಸುವುದಿಲ್ಲ.

ಈಗ ಹಿಂದಿನ ಟಯರ್. ಕಿಟ್‌ನದ್ದು ಹಾಕಿದರೆ ಗಾಡಿ ಸೀರೆ ಉಟ್ಟು ಸೈಕಲ್ ಹತ್ತಿದ ಹಾಗೆ ಕಾಣುತ್ತದೆ. ಅಗಲ ಬೇಕು. ಎರಡು ಟಯರ್ ಸೀಳಿ ಜೋಡಿಸಿದವರು ಯಾರಾದರೂ ಇದ್ದೀರಾ?