ಬೇರೆ ಮ್ಯಾನೇಜರ್ ಕೆಳಗಿರುವವರಿಗೆ ತಪ್ಪು ಹೇಳೋದು ಹೇಗೆ?

ಪ್ರಶ್ನೆ

ನಾನು ಒಂದು ಸಾಫ್ಟ್‌ವೇರ್ ತಂಡದ ಲೀಡ್. ಟೆಸ್ಟಿಂಗ್ ಮಾಡುವವರು ನನ್ನ ಕೆಳಗೆ ಬರುವುದಿಲ್ಲ, ಅವರಿಗೆ ಬೇರೆ ಮ್ಯಾನೇಜರ್ ಇದ್ದಾರೆ. ಆದರೆ ದಿನವಿಡೀ ಕೆಲಸ ನಮ್ಮ ಜೊತೆಗೇ. ಅವರಲ್ಲಿ ಒಬ್ಬ ಹುಡುಗ ತುಂಬಾ ಚುರುಕು. ಬೇರೆಯವರ ಕಣ್ಣಿಗೆ ಬೀಳದ ಬಗ್ (ಸಾಫ್ಟ್‌ವೇರ್‌ನ ದೋಷ) ಅವನಿಗೆ ಸಿಗುತ್ತದೆ. ತೊಂದರೆ ಇರೋದು ಅದನ್ನು ಬರೆಯುವ ರೀತಿಯಲ್ಲಿ. ಮೊನ್ನೆ ಬಂದ ಬಗ್ ವರದಿಯ ಟಿಕೆಟ್‌ನಲ್ಲಿ ಇದ್ದದ್ದು ಇಷ್ಟೇ: "ಪೇಮೆಂಟ್ ಪೇಜ್ ಹ್ಯಾಂಗ್ ಆಗ್ತಿದೆ." ಯಾವ ಬಿಲ್ಡ್ (ಸಾಫ್ಟ್‌ವೇರ್‌ನ ಯಾವ ಆವೃತ್ತಿ), ಯಾವ ಬ್ರೌಸರ್, ಏನು ಒತ್ತಿದಾಗ ಹಾಗಾಯಿತು, ಒಂದೂ ಇಲ್ಲ. ಸ್ಕ್ರೀನ್‌ಶಾಟ್ ಕೂಡ ಇಲ್ಲ. ನನ್ನ ತಂಡದವಳೊಬ್ಬಳು ಬೆಳಗಿನಿಂದ ಊಟದ ಹೊತ್ತಿನವರೆಗೂ ಅದರ ಹಿಂದೆ ಬಿದ್ದಿದ್ದಳು.

ಅವನಿಗೇ ಹೇಳಿದರೆ "ಇವರ್ಯಾರು ಹೇಳೋಕೆ" ಅಂತ ಅನ್ನಿಸಬಹುದು. ಅವನ ಮ್ಯಾನೇಜರ್‌ಗೆ ಹೇಳಿದರೆ ಚಾಡಿ ಹೇಳಿದ ಹಾಗೆ. ಅಪ್ರೈಸಲ್ ಬೇರೆ ಹತ್ತಿರ ಬಂದಿದೆ. ಏನು ಮಾಡಲಿ?

ಉತ್ತರ 1

ಅವನಿಗೇ ಹೇಳಿ, ಒಬ್ಬನೇ ಇದ್ದಾಗ. ಗ್ರೂಪ್ ಚಾಟ್‌ನಲ್ಲಂತೂ ಬೇಡವೇ ಬೇಡ. ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಅನ್ನುವ ಸಂಸ್ಥೆ ಹೇಳಿಕೊಡುವ ಒಂದು ಕ್ರಮ ಇದೆ: ಸಂದರ್ಭ ಯಾವುದು, ಅವನು ಮಾಡಿದ್ದೇನು, ಅದರಿಂದ ಆಗಿದ್ದೇನು. "ನೀನು ಸರಿಯಾಗಿ ಬರೆಯೋದಿಲ್ಲ" ಅನ್ನಬೇಡಿ. "ಮೊನ್ನೆಯ ಪೇಮೆಂಟ್ ಟಿಕೆಟ್‌ನಲ್ಲಿ ಬಿಲ್ಡ್ ನಂಬರ್ ಇರಲಿಲ್ಲ, ನಮಗೆ ಅರ್ಧ ದಿನ ಹೋಯಿತು" ಅನ್ನಿ. ಅಲ್ಲಿಗೆ ನಿಲ್ಲಿಸಿ. ಇಷ್ಟು ಹೇಳೋಕೆ ಯಾರ ಅನುಮತಿಯೂ ಬೇಕಿಲ್ಲ.

ಹೊಗಳುವಾಗ ಮಾತ್ರ ಮ್ಯಾನೇಜರ್‌ಗೆ ಸಿಸಿ ಹಾಕಿಯೇ ಕಳಿಸಿ. ಅದನ್ನು ಯಾರೂ ಚಾಡಿ ಅನ್ನೋದಿಲ್ಲ.

ಉತ್ತರ 2

ಆ ಇನ್ನೊಬ್ಬ ಮ್ಯಾನೇಜರ್ ಇರುವಂಥದ್ದೇ ಜಾಗದಲ್ಲಿ ಕೂತವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಟಿಕೆಟ್ ಬಗ್ಗೆ ನನ್ನ ಹುಡುಗರಿಗೆ ನೇರವಾಗಿ ಹೇಳಿದರೆ ನನಗೇನೂ ಬೇಜಾರಿಲ್ಲ. ಫೀಡ್‌ಬ್ಯಾಕ್ ಹೆಸರಲ್ಲಿ ಕೆಲಸ ಹಚ್ಚಿದಾಗ ಮಾತ್ರ ಸಿಟ್ಟು ಬರುತ್ತದೆ. "ಇನ್ಮೇಲೆ ಮೊದಲು ನಮ್ಮದು ನೋಡು, ಆಮೇಲೆ ಉಳಿದದ್ದು" ಅಂದರೆ ಅದು ಆರ್ಡರ್. ಯಾವ ಕೆಲಸ ಮೊದಲು ಅನ್ನೋದನ್ನು ನಾನು, ನೀವು ಕೂತು ತೀರ್ಮಾನಿಸಬೇಕು. ನಡುವೆ ಆ ಹುಡುಗನನ್ನು ಸಿಕ್ಕಿಸಬೇಡಿ.

ಇನ್ನೊಂದು. ವರ್ಷವಿಡೀ ಸುಮ್ನಿದ್ದು ಅಪ್ರೈಸಲ್ ಫಾರಂನಲ್ಲಿ ದೂರು ಬರೆಯುವವರಿದ್ದಾರೆ. ಅದನ್ನು ಅವನಿಗೆ ಹೇಳಬೇಕಾದವಳು ನಾನು. "ಯಾವಾಗ? ಯಾವ ಟಿಕೆಟ್?" ಅಂತ ಅವನು ಕೇಳಿದರೆ ನನ್ನ ಹತ್ತಿರ ಉತ್ತರ ಇರೋದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಉತ್ತರ 3

ಮೊದಲನೆಯ ಉತ್ತರ ಸರಿಯೇ. ಆದರೆ ಹೇಳೋ ಮುಂಚೆ ಸ್ವಲ್ಪ ಕೇಳಿ. ನಾನೂ ಟೆಸ್ಟರ್. ರಿಪೋರ್ಟ್ ಮಾಡೋದು ಒಬ್ಬರಿಗೆ, ದುಡಿಯೋದು ಮೂರು ತಂಡಕ್ಕೆ. ಒಬ್ಬ ಲೀಡ್‌ಗೆ ಪ್ರತಿ ಕ್ಲಿಕ್ಕೂ ಬರೆದಿರಬೇಕು. ಇನ್ನೊಬ್ಬರು "ಕಥೆ ಬೇಡ, ಒಂದು ಸಾಲು ಸಾಕು" ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ? ಅವನು ಯಾಕೆ ಹಾಗೆ ಬರೀತಾನೆ ಅಂತ ವಿಚಾರಿಸಿ ನೋಡಿ. ಸೋಮಾರಿತನ ಇರಲಿಕ್ಕಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅವನ ಪಕ್ಕದಲ್ಲಿ ಕೂತು, ಆ ಟಿಕೆಟ್ ತೆರೆದು ಕೇಳಿದೆ. ಬೇಜಾರೇನೂ ಮಾಡಿಕೊಳ್ಳಲಿಲ್ಲ. ಅವರ ತಂಡದಲ್ಲಿ ಯಾರು ಎಷ್ಟು ಬಗ್ ಟಿಕೆಟ್ ಹಾಕಿದರು ಅಂತ ವಾರವಾರ ಲೆಕ್ಕ ನೋಡುತ್ತಾರಂತೆ. ವಿವರ ಬರೆಯುತ್ತಾ ಕೂತರೆ ಸಂಖ್ಯೆ ಕಡಿಮೆಯಾಗುತ್ತದೆ. ಅವನ ಜಾಗದಲ್ಲಿ ಯಾರಿದ್ದರೂ ಒಂದೇ ಸಾಲು ಬರೆಯುತ್ತಿದ್ದರು, ಅಲ್ವಾ?

ಬಿಲ್ಡ್ ನಂಬರ್, ಸ್ಕ್ರೀನ್‌ಶಾಟ್ ಎರಡನ್ನಂತೂ ಹಾಕುತ್ತೇನೆ ಅಂದಿದ್ದಾನೆ. ಜಾಸ್ತಿ ಕೇಳೋಕೆ ನನಗೂ ಮನಸ್ಸು ಬರಲಿಲ್ಲ. ಲೆಕ್ಕದ ವಿಷಯ ಮಾತಾಡೋಕೆ ಅವನ ಮ್ಯಾನೇಜರ್ ಹತ್ತಿರ ನಾಳೆ ಅರ್ಧ ಗಂಟೆ ಕೇಳಿದ್ದೇನೆ. ಅವನ ಹೆಸರು ಎತ್ತೋದಿಲ್ಲ.