ವೇದಿಕೆ ಮೇಲೆ ವಿಜ್ಞಾನ, ವರಾಂಡದಲ್ಲಿ ಸಾರಜನಕ

"ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಹಾಲ್ ಬುಕ್ ಆಯ್ತು ಅಂದ್ರೆ ಸಾಕು, ಹಾಲ್ ನೋಡ್ಕೊಳ್ಳೋ ಶಾಮಣ್ಣನ ಬಿಪಿ ಏರುತ್ತೆ" ಅಂತ ಗಿರಿ ಕಾಫಿ ಲೋಟ ಎತ್ತಿಕೊಂಡ.

"ಏರದೆ ಇನ್ನೇನು? ಸಿ.ವಿ. ರಾಮನ್ ಬೆಳಕಿನ ಬಗ್ಗೆ ತಮ್ಮ 'ರಾಮನ್ ಪರಿಣಾಮ' ಕಂಡುಹಿಡಿದಿದ್ದು 1928ರಲ್ಲಿ ಇದೇ ದಿನ. ಅದರ ದುಷ್ಪರಿಣಾಮ ವರ್ಷಾ ವರ್ಷಾ ನನ್ನ ಹಾಲ್ ಮೇಲೆ! ನಿಮ್ಮ ಫಿಸಿಕ್ಸ್‌ನವರು ಪ್ರಯೋಗ ತೋರಿಸೋಕೆ ಹತ್ತು ಲೀಟರ್ ದ್ರವ ಸಾರಜನಕ, ಅದೇ ಲಿಕ್ವಿಡ್ ನೈಟ್ರೋಜನ್, ತಂದು ಇಡೋದು ಎಲ್ಲಿ? ಗ್ರೀನ್ ರೂಮಲ್ಲಿ."

"ಅಲ್ಲಿ ಎಸಿ ಇದೆಯಲ್ಲಣ್ಣ, ತಣ್ಣಗಿರುತ್ತೆ."

"ಮೈನಸ್ 196 ಡಿಗ್ರಿ ಸಾಮಾನಿಗೆ ನಮ್ಮ ಎಸಿ ಕುಲುಮೆ ಕಣೋ. ಲೆಕ್ಕ ಹಾಕು. ಒಂದು ಲೀಟರ್ ಆವಿಯಾದ್ರೆ ಹತ್ತಿರ ಹತ್ತಿರ 700 ಲೀಟರ್ ಅನಿಲ. ಹತ್ತೂ ಲೀಟರ್ ಚೆಲ್ಲಿದ್ರೆ 7 ಘನ ಮೀಟರ್. ಗ್ರೀನ್ ರೂಮ್ ಉದ್ದ, ಅಗಲ, ಎತ್ತರ ಎಲ್ಲಾ ಮೂರು ಮೀಟರ್, ಅಂದ್ರೆ 27 ಘನ ಮೀಟರ್. ಗಾಳಿಲಿ 21 ಪರ್ಸೆಂಟ್ ಇದ್ದ ಆಮ್ಲಜನಕ 16ರ ಹತ್ತಿರಕ್ಕೆ ಬರುತ್ತೆ. 19.5ಕ್ಕಿಂತ ಇಳಿದ್ರೇ ಅಪಾಯ ಅಂತ ಲೆಕ್ಕ. ಸಾರಜನಕಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗೆ ಸೀರೆ ನೆರಿಗೆ ಸರಿಮಾಡ್ಕೊಳ್ತಿರೋ ನಿರೂಪಕಿ ತಲೆ ಸುತ್ತಿ ಬಿದ್ರೆ, ಪಾಪ ತಿಂಡಿ ತಿಂದಿಲ್ಲ ಅಂತೀರಿ!"

"ಹಾಗಾದ್ರೆ ಹಾಲ್ ಒಳಗೆ?"

"ಮುನ್ನೂರು ಸೀಟಿನ ಹಾಲ್, ಸಾವಿರದೈನೂರು ಘನ ಮೀಟರ್ ಗಾಳಿ. ಅಲ್ಲಿ ಅದು ಯಾವ ಮೂಲೆಗೆ? ಕೊಲ್ಲೋದು ಸಣ್ಣ ಕೋಣೆ. ಗಾಳಿಯಾಡೋ ವರಾಂಡದಲ್ಲಿಡು, ಬೇಕಾದಾಗ ಒಂದೆರಡು ಲೀಟರ್ ಒಳಗೆ ತಗೊಂಡು ಬಾ. ಮುಚ್ಚಳ ಬಿಗಿಯಬೇಡ, ಆವಿಗೆ ದಾರಿ ಇಲ್ದಿದ್ರೆ ಅದು ಬಾಂಬು. ಲಿಫ್ಟಲ್ಲಿ ಫ್ಲಾಸ್ಕ್ ಒಂದೇ ಹೋಗ್ಲಿ, ನೀನು ಮೆಟ್ಟಿಲು ಹತ್ತು."

"ಫ್ಲಾಸ್ಕ್‌ಗೆ ಲಿಫ್ಟು, ನನಗೆ ಮೆಟ್ಟಿಲು! ವಸಂತಕ್ಕ, ನೋಡಿದ್ರಾ?"

"ನಿನ್ನ ಸಾರಜನಕ ಬಿಡೋ. ದೀಪದ ಕಂಬ ಎಲ್ಲಿಡ್ತೀರಿ, ಅದು ಹೇಳಿ. ಸರಿಯಾಗಿ ಎಸಿ ಗಾಳಿ ಬೀಳೋ ಕಡೆ! ಬತ್ತಿಗೆ ಎಣ್ಣೆ ಹಿಡಿದಿರಲ್ಲ, ಐದು ಜನ ಗಣ್ಯರು ಒಂದೇ ಮೇಣದ ಬತ್ತಿಗೆ ಜೋತುಬಿದ್ದು ಫೋಟೋಗ್ರಾಫರ್ ಕಡೆ ಹಲ್ಲು ಬಿಡ್ತಿರ್ತಾರೆ. ಅರ್ಧ ಗಂಟೆ ಮೊದಲೇ ಎಣ್ಣೆ ಹಾಕಿ, ಬತ್ತಿ ತುದಿಗೆ ಚೂರು ಕರ್ಪೂರ ಇಟ್ಟು, ಫ್ಯಾನು ಎಸಿ ನಿಲ್ಲಿಸಿ. ಆಮೇಲೆ, ದೀಪ ಆರಿಸಿದ ಮೇಲೇ ಹೈಡ್ರೋಜನ್ ಬಲೂನು ಒಳಗೆ ಬರ್ಬೇಕು. ಉದ್ಘಾಟನೆ ಒಂದು ಸಲ ಆದ್ರೆ ಸಾಕು."

"ಸ್ಥಿರ ವಿದ್ಯುತ್ ಹುಟ್ಟಿಸೋ ವ್ಯಾನ್ ಡಿ ಗ್ರಾಫ್ ಯಂತ್ರ ಕೊನೇಲಿ ಇಟ್ಕೊಂಡಿದೀವಿ ಅಕ್ಕ. ಕೂದಲು ನೆಟ್ಟಗೆ ನಿಂತ್ರೆ ಚಪ್ಪಾಳೆನೋ ಚಪ್ಪಾಳೆ."

ಶಾಮಣ್ಣ ತಲೆ ಚಚ್ಚಿಕೊಂಡ. "ಮುನ್ನೂರು ಜನ ಎರಡು ಗಂಟೆ ಉಸಿರಾಡಿದ ಮೇಲಾ? ತೇವ ಏರಿ ಚಾರ್ಜ್ ಎಲ್ಲಾ ಸೋರಿ ಹೋಗಿರುತ್ತೆ. ಮಂಗಳೂರಲ್ಲಂತೂ ಕೇಳ್ಲೇಬೇಡ, ಕಲಬುರಗಿಯಲ್ಲಾದ್ರೆ ಬಿಸಿಲಿನ ಪುಣ್ಯ. ಅದನ್ನ ಮೊದಲೇ ಮಾಡು. ಬೆಲ್ಟ್‌ಗೂ ಗೋಳಕ್ಕೂ ಹೇರ್ ಡ್ರೈಯರ್ ಹಿಡಿ. ಲ್ಯಾಪ್‌ಟಾಪ್ ಮೂರು ಮೀಟರ್ ಆಚೆ ಇರ್ಲಿ. ಪೇಸ್‌ಮೇಕರ್ ಇರೋರು ಹತ್ತಿರಕ್ಕೆ ಬರೋ ಹಾಗಿಲ್ಲ. ಎಣ್ಣೆ ಹಚ್ಚಿ ಜಡೆ ಹಾಕಿದ ಹುಡುಗೀನ ಸ್ಟೂಲ್ ಮೇಲೆ ನಿಲ್ಲಿಸಿದ್ರೂ ಕೂದಲು ಏಳಲ್ಲ."

"ನಮ್ಮ ಅಧ್ಯಕ್ಷರನ್ನ ನಿಲ್ಲಿಸಿದ್ರೆ?"

"ಏಳೋಕೆ ಏನಿದೆಯೋ ಅಲ್ಲಿ?"

"ಭಾಷಣಕಾರರ ಸ್ಲೈಡ್ ಹಿಂದಿನ ದಿನವೇ ತರಿಸ್ಕೊಳ್ಳಿ" ಅಂದಳು ವಸಂತಕ್ಕ. "ಹಳೇ ನುಡಿ ಫಾಂಟಲ್ಲಿ ಕುಟ್ಟಿರ್ತಾರೆ, ನಮ್ಮ ಕಂಪ್ಯೂಟರಲ್ಲಿ ತೆರೆದ್ರೆ ಕಪ್ಪುರಂಧ್ರದ ಬದಲು ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಪಿಡಿಎಫ್ ಕೇಳಿ. ಇನ್ನು ಪ್ರಶ್ನೋತ್ತರ. ಮೈಕು ಜನರ ಕೈಗೆ ಕೊಡಬೇಡಿ, ಸ್ವಯಂಸೇವಕರೇ ಹಿಡಿದು ನಿಲ್ಲಲಿ. ಐನ್‌ಸ್ಟೈನ್ ತಪ್ಪು ಅಂತ ನಾಲ್ಕು ಪುಟ ಬರ್ಕೊಂಡು ಬಂದವರು ಒಬ್ಬರಾದ್ರೂ ಇದ್ದೇ ಇರ್ತಾರೆ."

"ಅವರು ಮಾತಾಡೋವಾಗ ಮೈಕ್ ಸೆಲ್ ಹೋಗಲ್ವಾ?"

"ಸೆಲ್ ಹೋಗೋದು ಮುಖ್ಯ ಭಾಷಣದಲ್ಲಿ ಮಾತ್ರ" ಅಂದ ಶಾಮಣ್ಣ. "ಅದಕ್ಕೇ ಪ್ರತಿ ಕಾರ್ಯಕ್ರಮಕ್ಕೂ ಹೊಸ ಸೆಲ್ ಹಾಕೋದು. ನಾಲ್ಕು ಪುಟದವರಿಗೆ ಮಿಕ್ಸರಲ್ಲಿ ಮ್ಯೂಟ್ ಬಟನ್ ಇದೆ, ಒತ್ತಿ ತಾಂತ್ರಿಕ ದೋಷ ಅಂದ್ರಾಯ್ತು."