ಪ್ರಶ್ನೋತ್ತರ: ಆಸ್ಟ್ರೇಲಿಯಾದ ರಕ್ಷಣೆಯಲ್ಲಿ ಯಾವುದು ಮೊದಲು ಅಂತ ಹೇಗೆ ನಿರ್ಧಾರವಾಗುತ್ತೆ?

ಪ್ರಶ್ನೆ: ಸರ್, ಆಸ್ಟ್ರೇಲಿಯಾದ ಯಾವ ರಕ್ಷಣಾ ದಾಖಲೆ ತೆಗೆದರೂ 'ಇಂಡೋ-ಪೆಸಿಫಿಕ್' ಅಂತಲೇ ಇರುತ್ತೆ. ನಿಜವಾದ ಆದ್ಯತೆ ಯಾವುದು ಅಂತ ಕಂಡುಹಿಡಿಯೋದು ಹೇಗೆ?

ಉತ್ತರ: ಮೊದಲು ನಕ್ಷೆ ನೋಡಿ. 2020ರ ರಕ್ಷಣಾ ಪರಿಷ್ಕರಣೆ 'ಹತ್ತಿರದ ಪ್ರದೇಶ' ಯಾವುದೆಂದು ಗೆರೆ ಎಳೆದಿದೆ: ಈಶಾನ್ಯ ಹಿಂದೂ ಮಹಾಸಾಗರ, ಆಗ್ನೇಯ ಏಷ್ಯಾ, ಪಾಪುವಾ ನ್ಯೂ ಗಿನಿ, ನೈರುತ್ಯ ಪೆಸಿಫಿಕ್. ದೂರದ ಯುದ್ಧಗಳಿಗೆ ನೆರವು ಕೊಡೋದು ಇದರ ನಂತರ.

ಎರಡನೆಯದು ಸಮಯ. ದೊಡ್ಡ ದಾಳಿಗೆ 10 ವರ್ಷ ಮುಂಚೆಯೇ ಸುಳಿವು ಸಿಗುತ್ತೆ ಅನ್ನೋ ಹಳೇ ಲೆಕ್ಕವನ್ನು ಅದೇ ದಾಖಲೆ ಕೈಬಿಟ್ಟಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ. ಸಮಯ ಇಲ್ಲ ಅಂದಮೇಲೆ 2040ಕ್ಕೆ ಬರೋ ಹಡಗಿಗಿಂತ ಈಗ ಸಿಗೋ ಕ್ಷಿಪಣಿಗೆ ಬೆಲೆ ಹೆಚ್ಚು.

ಮೂರನೆಯದು ಕತ್ತರಿ ಎಲ್ಲಿ ಬಿತ್ತು ಅನ್ನೋದು. ಏನು ಕೊಂಡರು ಅನ್ನೋದಕ್ಕಿಂತ ಏನು ಬಿಟ್ಟರು ಅನ್ನೋದೇ ಹೆಚ್ಚು ಹೇಳುತ್ತೆ. ಮಾಜಿ ಸೇನಾ ಮುಖ್ಯಸ್ಥ ಆ್ಯಂಗಸ್ ಹೂಸ್ಟನ್, ಮಾಜಿ ರಕ್ಷಣಾ ಸಚಿವ ಸ್ಟೀಫನ್ ಸ್ಮಿತ್ ನಡೆಸಿದ 2023ರ ರಕ್ಷಣಾ ಪರಾಮರ್ಶೆ ಪದಾತಿದಳಕ್ಕೆ ಕೊಳ್ಳಬೇಕಿದ್ದ ಯುದ್ಧವಾಹನಗಳನ್ನು 450ರಿಂದ 129ಕ್ಕೆ ಇಳಿಸಿತು; ಸ್ವಚಾಲಿತ ಫಿರಂಗಿಗಳ ಎರಡನೇ ರೆಜಿಮೆಂಟನ್ನೇ ರದ್ದು ಮಾಡಿತು. ಹೈಮಾರ್ಸ್ ರಾಕೆಟ್‌ ಲಾಂಚರ್‌ಗಳಿಗೂ, ಸೇನೆಯ ಲ್ಯಾಂಡಿಂಗ್ ದೋಣಿಗಳಿಗೂ ವೇಗ ಕೊಟ್ಟಿತು.

ಮರುಪ್ರಶ್ನೆ: 129 ವಾಹನ ಒಂದು ಬೆಟಾಲಿಯನ್‌ಗೆ ಮಾತ್ರ ಸಾಕಾಗುತ್ತಲ್ಲ? ಭೂಸೇನೆಯವರು ಒಪ್ಪಿದರೇ?

ಉತ್ತರ: ಹೌದು, ಒಂದೇ ಬೆಟಾಲಿಯನ್‌ಗೆ. ತಕರಾರು ಬಂತು, ಬರಲೇಬೇಕಿತ್ತು. ಆದರೆ ಆ ಭಾರದ ವಾಹನಗಳನ್ನು ದ್ವೀಪಗಳಿಗೆ ಸಾಗಿಸೋಕೆ ಹಡಗೇ ಇಲ್ಲದಿದ್ದರೆ 450 ಇದ್ದೂ ಪ್ರಯೋಜನವಿಲ್ಲ. ಶತ್ರುವನ್ನು ಸಮುದ್ರದಲ್ಲೇ, ಉತ್ತರದ ದಾರಿಯಲ್ಲೇ ತಡೆಯೋದು ಗುರಿ. ಅದಕ್ಕೇ ಉತ್ತರ ಆಸ್ಟ್ರೇಲಿಯಾದ ಟಿಂಡಾಲ್ ವಾಯುನೆಲೆಯ ವಿಸ್ತರಣೆ. ಅದಕ್ಕೇ ಪರ್ತ್‌ನಿಂದ ಸುಮಾರು 2,750 ಕಿ.ಮೀ. ದೂರ ಹಿಂದೂ ಮಹಾಸಾಗರದಲ್ಲಿರೋ, ಆಸ್ಟ್ರೇಲಿಯಾದ್ದೇ ಆದ ಕೊಕೊಸ್ ದ್ವೀಪದ ರನ್‌ವೇಯನ್ನು ಪಿ-8 ಗಸ್ತು ವಿಮಾನಕ್ಕೆ ತಕ್ಕಂತೆ ಬಲಪಡಿಸೋ ಕೆಲಸ.

ಇನ್ನೊಬ್ಬರು: ಎಲ್ಲ ಆದ್ಯತೆಯೂ ಆಯುಧದಿಂದ ಈಡೇರಲ್ಲ ಅನ್ನೋದನ್ನೂ ಸೇರಿಸಿ. 2022ರ ಏಪ್ರಿಲ್‌ನಲ್ಲಿ ಸಾಲೊಮನ್ ದ್ವೀಪಗಳು ಚೀನಾ ಜೊತೆ ಭದ್ರತಾ ಒಪ್ಪಂದ ಮಾಡಿಕೊಂಡಾಗ ಕ್ಷಿಪಣಿ ಏನು ಮಾಡೀತು? ಅಲ್ಲಿ ಕೆಲಸಕ್ಕೆ ಬರೋದು ಒಪ್ಪಂದ, ಪೊಲೀಸ್ ತರಬೇತಿ, ವೀಸಾ. ಪೆಸಿಫಿಕ್‌ನ ಪುಟ್ಟ ದೇಶ ತುವಾಲು ಜೊತೆಗಿನ, ಭದ್ರತೆಯನ್ನೂ ವೀಸಾವನ್ನೂ ಒಳಗೊಂಡ ಫಲೆಪಿಲಿ ಒಪ್ಪಂದ 2024ರಲ್ಲಿ ಜಾರಿಗೆ ಬಂತು. 2025ರ ಅಕ್ಟೋಬರ್‌ನಲ್ಲಿ ಪಾಪುವಾ ನ್ಯೂ ಗಿನಿ ಜೊತೆ ಪರಸ್ಪರ ರಕ್ಷಣೆಯ ಒಪ್ಪಂದಕ್ಕೇ ಸಹಿ ಬಿತ್ತು.

ಮರುಪ್ರಶ್ನೆ: ಹಾಗಾದರೆ ಇದರಲ್ಲಿ ಕೈಕೊಡೋದು ಎಲ್ಲಿ?

ಉತ್ತರ: ನಡುವಿನ ವರ್ಷಗಳಲ್ಲಿ. ಅಮೆರಿಕದ ವರ್ಜೀನಿಯಾ ದರ್ಜೆಯ ಪರಮಾಣು ಚಾಲಿತ ಜಲಾಂತರ್ಗಾಮಿಗಳು ಬರೋದು 2030ರ ದಶಕದ ಆರಂಭಕ್ಕೆ. ಅಲ್ಲಿಯವರೆಗೆ ಈಗಿರೋ ಆರು ಹಳೇ ಕಾಲಿನ್ಸ್ ಜಲಾಂತರ್ಗಾಮಿಗಳನ್ನೇ ದುರಸ್ತಿ ಮಾಡಿ ಓಡಿಸಬೇಕು. ಅವುಗಳ ರಿಪೇರಿಗೂ ಹೊಸ ಪರಮಾಣು ಜಲಾಂತರ್ಗಾಮಿಯ ತರಬೇತಿಗೂ ಬೇಕಾಗೋದು ಅದೇ ಅನುಭವಿ ಸಿಬ್ಬಂದಿ. ಹಣ ಮಂಜೂರಾದ ಮಾತ್ರಕ್ಕೆ ಅಂಥವರು ಒಂದೆರಡು ವರ್ಷದಲ್ಲಿ ತಯಾರಾಗಲ್ಲ.